ಮಾತ್ರೆಯ ಕವರಿನ ಮೇಲೆ ಬರೆದದ್ದು

(ಕಾಸರಗೋಡಿನ ಕನ್ನಡ ಯುವಜನರ ಕೂಟವೊಂದರಲ್ಲಿ ಆಡಿದ ಮಾತಿನ ಬರಹರೂಪ)



ಕನ್ನಡದ ವಿಷಯ ಬಂದರೆ ನಾವು ಶಾಲೆಯಿಂದ ಶುರು ಮಾಡ್ತೇವೆ. ಶಿಕ್ಷಕರ ನೇಮಕಾತಿ, ಪಠ್ಯಪುಸ್ತಕ, ಬೋರ್ಡು. ಇವತ್ತು ಆಸ್ಪತ್ರೆಯಿಂದ ಶುರು ಮಾಡುವ.

ನಮ್ಮ ನೆರೆಮನೆಯ ಅಜ್ಜಿಯೊಬ್ಬರಿಗೆ ಶುಗರ್. ಆಸ್ಪತ್ರೆಯಲ್ಲಿ ಎರಡು ಕವರು ಮಾತ್ರೆ ಕೊಟ್ಟರು. ಒಂದು ಬೆಳಿಗ್ಗೆ ಊಟಕ್ಕೆ ಮುಂಚೆ, ಇನ್ನೊಂದು ರಾತ್ರಿ ಊಟದ ಮೇಲೆ. ಬರೆದದ್ದು ಮಲಯಾಳದಲ್ಲಿ. ಸಿಸ್ಟರು ಬಾಯಲ್ಲಿ ಹೇಳಿದಾಗ ಅಜ್ಜಿ ತಲೆ ಆಡಿಸಿದರು. ಮನೆಗೆ ಬರುವಾಗ ಯಾವ ಕವರು ಯಾವುದು ಅಂತ ಮರೆತುಹೋಯಿತು. ಶುಗರಿನ ಮಾತ್ರೆ ರಾತ್ರಿ ನುಂಗಿದರು. ಉಂಡದ್ದು ನಾಲ್ಕು ಚಮಚ ಗಂಜಿ. ಬೆಳಗಿನ ಜಾವ ಮೈಯೆಲ್ಲ ಬೆವರು, ಕರೆದರೆ ಮಾತಿಲ್ಲ. ಆಟೋದಲ್ಲಿ ಎತ್ತಿಕೊಂಡು ಓಡಿದೆವು. ಗ್ಲೂಕೋಸ್ ಏರಿಸಿದ ಮೇಲೆ ಕಣ್ಣು ಬಿಟ್ಟರು. "ಕವರಿನಲ್ಲಿ ಬರೆದಿದೆಯಲ್ಲ, ಓದ್ಲಿಲ್ವಾ?" ಅಂತ ಅಲ್ಲಿ ಕೇಳಿದರು.

ಅಜ್ಜಿಗೆ ಮಲಯಾಳ ಬರ್ತದೆ. ಪೇಟೆಯಲ್ಲಿ ಮೀನಿಗೆ ಚರ್ಚೆ ಮಾಡುವಷ್ಟು ಚೆನ್ನಾಗಿ ಬರ್ತದೆ. ಆದರೆ ಓದಲಿಕ್ಕೆ ಬರುವುದಿಲ್ಲ. ನಮ್ಮಲ್ಲಿ ಮನೆಮಾತು ತುಳು, ಹವ್ಯಕ, ಬ್ಯಾರಿ, ಕೊಂಕಣಿ, ಮರಾಠಿ, ಏನೇ ಇರಲಿ, ಹಿರಿಯರು ಓದು ಕಲಿತದ್ದು ಕನ್ನಡದಲ್ಲಿ. ಮಾತಾಡುವವರಿಗೆ ಓದಲಿಕ್ಕೂ ಬರ್ತದೆ ಅಂತ ಆಸ್ಪತ್ರೆಯವರು ಅಂದುಕೊಳ್ತಾರೆ. ಸಿಸ್ಟರುಗಳ ಮೇಲೆ ನಮಗೆ ಸಿಟ್ಟಿಲ್ಲ. ತೆಂಕಣ ಜಿಲ್ಲೆಯಿಂದ ವರ್ಗವಾಗಿ ಬಂದ ಹುಡುಗಿಗೆ ಇಲ್ಲಿ ಕನ್ನಡ ಓದುವವರಿದ್ದಾರೆ ಅಂತ ಯಾರು ಹೇಳಿರ್ತಾರೆ?

ನಮ್ಮೂರಲ್ಲಿ "ಅವರನ್ನು ಮಂಗಳೂರಿಗೆ ಕೊಂಡುಹೋದರಂತೆ" ಅಂದರೆ ಎಂತಕ್ಕೆ ಅಂತ ಯಾರೂ ಕೇಳುವುದಿಲ್ಲ. ಕಾಯಿಲೆ ಜೋರಾಗಿದೆ ಅಂತ ಅರ್ಥ. ಇದು ಇವತ್ತಿನ ಅಭ್ಯಾಸವೂ ಅಲ್ಲ. 1956ರ ನವೆಂಬರ್ 1ರ ತನಕ ಕಾಸರಗೋಡು ದಕ್ಷಿಣ ಕನ್ನಡದ ಒಂದು ತಾಲೂಕು. 1848ರಷ್ಟು ಹಿಂದೆ ಶುರುವಾದ ವೆನ್ಲಾಕ್ ನಮ್ಮದೇ ಜಿಲ್ಲಾ ಆಸ್ಪತ್ರೆ. ಆಮೇಲೆ ರಾಜ್ಯ ಬೇರೆಯಾಯಿತು, ಬಸ್ಸು ಅದೇ ದಾರಿಯಲ್ಲಿ ಓಡಿತು. ಮಂಗಳೂರು ಸುಮಾರು 50 ಕಿಲೋಮೀಟರ್, ನಮ್ಮ ರಾಜಧಾನಿ 500 ದಾಟಿ. ಡಯಾಲಿಸಿಸ್ ಮಾಡಿಸುವವರು ಎತ್ತ ಹೋಗ್ಬೇಕು ಹೇಳಿ!

2020ರ ಮಾರ್ಚ್‌ನಲ್ಲಿ ಆ ದಾರಿಗೆ ಮಣ್ಣು ಸುರಿದರು. ತಲಪಾಡಿಯಿಂದ ಆಂಬ್ಯುಲೆನ್ಸ್ ಹಿಂದೆ ಬಂತು. ಚಿಕಿತ್ಸೆಗೆ ಹೋಗಲಾಗದೆ ಹಲವರು ತೀರಿಹೋದರು, ಅವರಲ್ಲಿ ಕೋವಿಡ್ ಇಲ್ಲದವರೇ. ಏಪ್ರಿಲ್ 1ರಂದು ಕೇರಳ ಹೈಕೋರ್ಟ್ ಆದೇಶ, ಆಮೇಲೆ ಸುಪ್ರೀಂ ಕೋರ್ಟ್. ಏಪ್ರಿಲ್ 7ಕ್ಕೆ ಒಪ್ಪಂದವಾಯಿತು ಅಂತ ಕೇಂದ್ರ ಅಲ್ಲಿ ತಿಳಿಸಿತು. ಕನ್ನಡದ ಹೆಸರು ಹೇಳುವ ರಾಜ್ಯವೇ ಬಾಗಿಲು ಹಾಕಿದಾಗ ಆದ ನೋವು ಬೇರೆಯೇ. ಅದನ್ನು ಇಲ್ಲಿ ಮುಚ್ಚಿಡುವುದು ಬೇಡ.

ಉಕ್ಕಿನಡ್ಕದ ಮೆಡಿಕಲ್ ಕಾಲೇಜಿಗೆ 2013ರಲ್ಲಿ ಕಲ್ಲು ಹಾಕಿದರು. ಅಲ್ಲಿ ಮೊದಲು ರೋಗಿಗಳನ್ನು ಮಲಗಿಸಿದ್ದು 2020ರ ಏಪ್ರಿಲ್‌ನಲ್ಲಿ, ಅದೂ ಕೋವಿಡ್‌ನ ತರಾತುರಿಯಲ್ಲಿ. ಹಾಗಾಗಿ "ಮಂಗಳೂರು ಹತ್ತಿರ ಇದೆಯಲ್ಲ" ಅನ್ನುವ ಮಾತಿಗೆ ನಾವು ಒಪ್ಪಲಿಕ್ಕಾಗುವುದಿಲ್ಲ. ಮಂಗಳೂರೂ ಬೇಕು, ಇಲ್ಲಿಯದ್ದೂ ಬೇಕು. ಇಲ್ಲಿ ತಜ್ಞರು ಬಂದು ಕೂತರೆ ಸಾಕಾ? ರೋಗಿ ಹೇಳಿದ್ದು ಅವರಿಗೆ ತಿಳಿಯಬೇಕು. "ಎದೆ ಉರಿ", "ಜೋಮು", "ತಲೆ ಭಾರ", ಇದನ್ನೆಲ್ಲ ಪರಭಾಷೆಯಲ್ಲಿ ಹೇಳಹೊರಟರೆ ಕೊನೆಗೆ "ನೋವು" ಒಂದೇ ಉಳಿಯುವುದು.

ಎಣ್ಮಕಜೆಯ ಪಡ್ರೆ ಕಡೆಯ ಗೇರುತೋಟಗಳಿಗೆ ಹೆಲಿಕಾಪ್ಟರಿನಿಂದ ಎಂಡೋಸಲ್ಫಾನ್ ಸುರಿದ ಕಥೆ ನಿಮಗೆಲ್ಲ ಗೊತ್ತು. ಅಲ್ಲಿ ಒಂದೇ ಊರಲ್ಲಿ ಇಷ್ಟು ಜನರಿಗೆ ಇಂಥ ಕಾಯಿಲೆ ಯಾಕೆ ಅಂತ ಮೊದಲು ಕೇಳಿದವರಲ್ಲಿ ಒಬ್ಬರು ವಾಣಿನಗರದ ಡಾ. ವೈ. ಎಸ್. ಮೋಹನ ಕುಮಾರ್. ಆ ಮನೆಗಳ ಮಾತು ಕೇಳಿಸಿಕೊಳ್ಳುತ್ತಾ ಅಲ್ಲೇ ಇದ್ದ ವೈದ್ಯರು. ವರ್ಷಕ್ಕೊಮ್ಮೆ ವರ್ಗವಾಗುವವರಿಗೆ ಇದು ಕಾಣುವುದು ಕಷ್ಟ.

ಈಗ ನಮ್ಮ ಕೆಲಸ. ಭಾಷಾ ಅಲ್ಪಸಂಖ್ಯಾತ ಪ್ರದೇಶ ಅಂತ ಸಾರಿದ ಕಡೆ ನಾವು ಕನ್ನಡದಲ್ಲಿ ಬರೆದರೆ ಉತ್ತರವೂ ಕನ್ನಡದಲ್ಲೇ ಬರಬೇಕು ಅಂತ ಕೇರಳದ 1969ರ ಭಾಷಾ ಕಾಯ್ದೆಯಲ್ಲೇ ಇದೆ. ಆದ್ದರಿಂದ ಅರ್ಜಿ ಕನ್ನಡದಲ್ಲೇ ಬರೆದಿದ್ದೇವೆ. ಆಪರೇಷನ್ನಿಗೆ ಮುಂಚೆ ಸಹಿ ಹಾಕಿಸುವ ಒಪ್ಪಿಗೆ ಪತ್ರ ಕನ್ನಡದಲ್ಲೂ ಇರಲಿ. ಒ.ಪಿ. ಚೀಟಿಯ ಕೌಂಟರಿನಲ್ಲಿ ಕನ್ನಡ ಬಲ್ಲ ಒಬ್ಬರು ಇರಲಿ. ಮಾತ್ರೆಯ ಕವರಿನಲ್ಲಿ ಸೂರ್ಯ, ಚಂದ್ರ, ಊಟದ ಬಟ್ಟಲಿನ ಚಿತ್ರ ಅಚ್ಚಾಗಲಿ. ಇದಕ್ಕೆ ಖರ್ಚು ಎಷ್ಟು ಬಂದೀತು ಮಾರಾಯ್ರೆ?

ನರ್ಸಿಂಗ್, ಫಾರ್ಮಸಿ ಕಲಿಯುತ್ತಿರುವ ತಂಗಿಯಂದಿರು ಇಲ್ಲಿದ್ದೀರಿ. ಪಿ.ಎಸ್‌.ಸಿ. ಬರೆಯಿರಿ, ಊರಿನ ಹತ್ತಿರವೇ ಕೆಲಸ ಕೇಳಿ. ಮಲಯಾಳ ಓದಲಿಕ್ಕೂ ಕಲಿಯಿರಿ, ಅದರಿಂದ ಕನ್ನಡಕ್ಕೆ ಏನೂ ಕಮ್ಮಿಯಾಗುವುದಿಲ್ಲ. ಉಳಿದವರು ಒಂದು ಕೆಲಸ ಮಾಡಿ: ಇವತ್ತು ಸಂಜೆ ಮನೆಗೆ ಹೋದ ಕೂಡಲೇ ಅಜ್ಜ ಅಜ್ಜಿಯರ ಮಾತ್ರೆಯ ಡಬ್ಬಿ ತೆರೆದು ನೋಡಿ. ಪ್ರತಿ ಕವರಿನ ಮೇಲೂ ದೊಡ್ಡ ಅಕ್ಷರದಲ್ಲಿ ಕನ್ನಡದಲ್ಲಿ ಬರೆದಿಡಿ. ಸಂಶಯ ಬಂದರೆ ಮಾತ್ರ ಊಹೆ ಬೇಡ, ಔಷಧ ಕೊಟ್ಟವರನ್ನೇ ಕೇಳಿ.

ಅರ್ಜಿ ಬಾಗಿಲ ಹತ್ತಿರದ ಮೇಜಿನ ಮೇಲಿದೆ. ಚಹಾ ಕುಡಿಯುವ ಮೊದಲು ಸಹಿ ಹಾಕಿ.