ಯೀಸ್ಟಿನ ರಸದಾನಿಯಲ್ಲಿ ಕಂಡದ್ದು



ಲೈಸೋಸೋಮ್ ಎಂದರೇನು ಎಂದು ಕೇಳಿದರೆ ನಮ್ಮ ಹೈಸ್ಕೂಲು ಮಕ್ಕಳು ಥಟ್ಟನೆ ‘ಆತ್ಮಹತ್ಯಾ ಸಂಚಿ’ ಎನ್ನುತ್ತಾರೆ. ಅಂಕವೇನೋ ಸಿಗುತ್ತದೆ. ಆದರೆ ಆ ಸಂಚಿಯಿಂದ ಜೀವಕೋಶ ಸಾಯುವುದಕ್ಕಿಂತ ಬದುಕಿಕೊಳ್ಳುವುದೇ ಹೆಚ್ಚು. ಹಸಿವಾದಾಗ ತನ್ನದೇ ಹಳೆಯ ಸಾಮಾನನ್ನು ಅಲ್ಲಿಗೆ ಸಾಗಿಸಿ, ಅರಗಿಸಿ, ಸಿಕ್ಕ ಅಮೈನೋ ಆಮ್ಲಗಳಿಂದ ಹೊಸತನ್ನು ಕಟ್ಟಿಕೊಳ್ಳುತ್ತದೆ. 1963ರಲ್ಲಿ ಕ್ರಿಶ್ಚಿಯನ್ ಡಿ ಡ್ಯೂವ್ ಇದಕ್ಕೆ ಆಟೋಫೇಜಿ, ಅಂದರೆ ಸ್ವಭಕ್ಷಣೆ, ಎಂದು ಹೆಸರಿಟ್ಟರು. ಹೆಸರಿಟ್ಟು ಸುಮಾರು 30 ವರ್ಷ ಕಳೆದರೂ ಇದನ್ನು ನಡೆಸುವ ವಂಶವಾಹಿಗಳು ಯಾವುವೆಂದು ತಿಳಿದಿರಲಿಲ್ಲ. ಅದನ್ನು ತೋರಿಸಿಕೊಟ್ಟ ಯೋಶಿನೋರಿ ಓಸುಮಿ ಅವರ ಬಗ್ಗೆ ಇಂದು ಮಾತನಾಡುತ್ತೇನೆ.

ಓಸುಮಿ 1945ರಲ್ಲಿ ಜಪಾನಿನ ಫುಕುಓಕಾದಲ್ಲಿ ಹುಟ್ಟಿದರು. ನ್ಯೂಯಾರ್ಕಿನ ರಾಕ್‌ಫೆಲರ್ ವಿಶ್ವವಿದ್ಯಾಲಯದಲ್ಲಿ ಮೊದಲು ಹಿಡಿದ ಕೆಲಸ ಕೈಗೂಡದೆ ಯೀಸ್ಟಿಗೆ ಬಂದರು. ಯೀಸ್ಟ್ ಕೋಶಗಳನ್ನು ಒಡೆದು, ಕೋಶಕೇಂದ್ರ ಬೇರ್ಪಡಿಸಲು ಯಂತ್ರದಲ್ಲಿ ತಿರುಗಿಸಿದಾಗ ನಳಿಕೆಯ ಮೇಲ್ಪದರದಲ್ಲಿ ರಸದಾನಿಗಳು, ಅಂದರೆ ಯೀಸ್ಟಿನಲ್ಲಿ ಲೈಸೋಸೋಮಿನ ಕೆಲಸ ಮಾಡುವ ಸಂಚಿಗಳು, ತೇಲಿ ನಿಲ್ಲುತ್ತಿದ್ದವು. ರಸದಾನಿಯೆಂದರೆ ಕೋಶದ ತಿಪ್ಪೆಗುಂಡಿ ಎಂಬ ಭಾವನೆಯೇ ಹೆಚ್ಚಾಗಿದ್ದ ಕಾಲ ಅದು. ಓಸುಮಿಯವರ ಮನಸ್ಸು ಅದರ ಮೇಲೇ ನೆಟ್ಟಿತು. ಹತ್ತು ಜನ ಮುಗಿಬಿದ್ದ ಕಡೆ ತಾವೂ ನುಗ್ಗುವ ಸ್ವಭಾವ ಅವರದಲ್ಲ.

1988ರಲ್ಲಿ, 43ನೆಯ ವಯಸ್ಸಿನಲ್ಲಿ, ಟೋಕಿಯೊ ವಿಶ್ವವಿದ್ಯಾಲಯದಲ್ಲಿ ಅವರಿಗೆ ಸ್ವಂತ ಪ್ರಯೋಗಾಲಯ ದೊರೆಯಿತು. ಅಲ್ಲಿ ಅವರು ಮಾಡಿದ್ದು ಎಷ್ಟು ಸರಳ ನೋಡಿ. ಗಿರಣಿ ನಿಂತರೆ ಮೂಟೆಗಳು ಬಾಗಿಲಲ್ಲಿ ರಾಶಿ ಬೀಳುತ್ತವೆ, ಒಳಗೆ ಏನೇನು ಬರುತ್ತಿತ್ತೆಂದು ಆಗ ಕಣ್ಣಿಗೆ ಬೀಳುತ್ತದೆ. ಹಾಗೆಯೇ, ಅರಗಿಸುವ ಕಿಣ್ವಗಳಿಲ್ಲದ ಯೀಸ್ಟ್ ತಳಿಯನ್ನು ತೆಗೆದುಕೊಂಡು ಸಾರಜನಕವಿಲ್ಲದ ದ್ರವದಲ್ಲಿ ಉಪವಾಸ ಕೆಡವಿದರು. ಕೆಲವೇ ಗಂಟೆಗಳಲ್ಲಿ ರಸದಾನಿಯ ತುಂಬ ಸಣ್ಣ ಸಣ್ಣ ಗುಂಡುಗಳು ತುಂಬಿಕೊಂಡು ಎಡೆಬಿಡದೆ ಮಿಸುಕಾಡುತ್ತಿದ್ದವು. ಅದನ್ನು ಕಂಡದ್ದು ಸಾಧಾರಣ ಬೆಳಕಿನ ಸೂಕ್ಷ್ಮದರ್ಶಕದಲ್ಲಿ. ಪ್ರತಿಯೊಂದು ಗುಂಡೂ ಕೋಶ ತನ್ನ ಒಡಲಿನಿಂದಲೇ ಕಟ್ಟಿ ಕಳಿಸಿದ ಗಂಟು.

ಮುಂದಿನ ಕೆಲಸ ತಾಳ್ಮೆಯದು. ರಾಸಾಯನಿಕದಿಂದ ಯೀಸ್ಟಿನ ವಂಶವಾಹಿಗಳನ್ನು ಕೆಡಿಸಿ, ಹಸಿವು ತಡೆಯಲಾರದೆ ಬೇಗ ಸಾಯುವ ಕೋಶಗಳನ್ನು ಬಣ್ಣ ಹಾಕಿ ಗುರುತಿಸಿ, ಅವುಗಳಲ್ಲಿ ಗುಂಡು ಕಟ್ಟಲಾರದವನ್ನು ಒಂದೊಂದಾಗಿ ಆರಿಸಬೇಕು. ವಿದ್ಯಾರ್ಥಿನಿ ಮಿಕಿ ತ್ಸುಕಾಡಾ ಅವರೊಂದಿಗೆ 1993ರಲ್ಲಿ ಪ್ರಕಟಿಸಿದ ಆರು ಪುಟಗಳ ಪ್ರಬಂಧದಲ್ಲಿ ಆಟೋಫೇಜಿಗೆ ಬೇಕಾದ 15 ವಂಶವಾಹಿಗಳ ಸುಳಿವಿತ್ತು. ಇಂದಿನ ಇಡೀ ಕ್ಷೇತ್ರ ಆ ಆರು ಪುಟಗಳ ಮೇಲೆ ನಿಂತಿದೆ ಎಂದರೆ ಅತಿಶಯವಲ್ಲ.

ಯಾಕೆಂದರೆ ಆ ವಂಶವಾಹಿಗಳಲ್ಲಿ ಬಹುಪಾಲಿನವುಗಳ ಸರಿಜೋಡಿಗಳು ನಮ್ಮ ಮೈಯಲ್ಲೂ ಇವೆ. ಓಸುಮಿಯವರ ಗುಂಪಿನಲ್ಲಿ ಬೆಳೆದ ನೊಬೊರು ಮಿಜುಶಿಮಾ ಅವುಗಳ ಕೆಲಸವನ್ನು ಇಲಿಗಳಲ್ಲಿ ಪರೀಕ್ಷಿಸಿದರು. ಹೊಕ್ಕುಳಬಳ್ಳಿ ಕಡಿದ ಕ್ಷಣದಿಂದ ಮೊದಲ ಹಾಲು ಸಿಗುವವರೆಗೆ ಇಲಿಮರಿಗೆ ಹೊರಗಿನ ಆಹಾರವಿಲ್ಲ. ಆ ಹೊತ್ತಿನಲ್ಲಿ ಅದರ ಅಂಗಾಂಗಗಳಲ್ಲಿ ಆಟೋಫೇಜಿ ಒಮ್ಮೆಗೇ ಏರುತ್ತದೆ. ಎಟಿಜಿ5 ಎಂಬ ವಂಶವಾಹಿ ಇಲ್ಲದ ಮರಿಗಳು ನೋಡಲು ಚೆನ್ನಾಗಿಯೇ ಹುಟ್ಟಿ, ಒಂದು ದಿನದೊಳಗೆ ಸತ್ತವು. 2004ರ ಆ ವರದಿಯನ್ನು ಓದುವಾಗಲೆಲ್ಲ ನನಗೆ ಮೈ ಝುಮ್ಮೆನ್ನುತ್ತದೆ. ನರಕೋಶಗಳಲ್ಲಿ ಈ ಕೆಲಸ ನಿಂತರೆ ಕೆಟ್ಟ ಪ್ರೋಟೀನುಗಳು ಗಡ್ಡೆಗಟ್ಟುತ್ತವೆಂದು 2006ರಲ್ಲಿ ಇಲಿಗಳಲ್ಲೇ ತಿಳಿಯಿತು.

2016ರ ವೈದ್ಯಕೀಯ ನೊಬೆಲ್ ಓಸುಮಿ ಒಬ್ಬರಿಗೇ ಬಂತು. ಆಮೇಲೆ, ಏಕಾದಶಿ ಉಪವಾಸಕ್ಕೆ ನೊಬೆಲ್ ಮುದ್ರೆ ಬಿತ್ತು ಎಂಬ ಸಂದೇಶಗಳು ನಮ್ಮ ಮೊಬೈಲುಗಳಲ್ಲೂ ಓಡಾಡಿದವು. ಸಂಪ್ರದಾಯದ ಬಗ್ಗೆ ನನಗೆ ಗೌರವವಿದೆ. ಆದರೆ ಪ್ರಶಸ್ತಿ ಬಂದದ್ದು ಆಟೋಫೇಜಿ ಹೇಗೆ ನಡೆಯುತ್ತದೆಂದು ಯೀಸ್ಟಿನಲ್ಲಿ ಬಿಡಿಸಿ ತೋರಿಸಿದ್ದಕ್ಕೆ, ಮನುಷ್ಯರು ಎಷ್ಟು ಹೊತ್ತು ಊಟ ಬಿಡಬೇಕೆಂದು ಹೇಳಿದ್ದಕ್ಕಲ್ಲ. ಸಕ್ಕರೆ ಕಾಯಿಲೆಯವರು ಇಂಥ ಸಂದೇಶ ನಂಬಿ ಮಾತ್ರೆ, ಊಟ ಬದಲಿಸಬಾರದು.

ಇಲ್ಲಿ ಕಾಲೇಜುಗಳ ಪ್ರಾಂಶುಪಾಲರು ಇದ್ದೀರಿ. ಓಸುಮಿ ಕಂಡದ್ದು ಸಾಧಾರಣ ಸೂಕ್ಷ್ಮದರ್ಶಕದಲ್ಲಿ ಎಂಬುದನ್ನು ನೆನೆದು ನಿಮ್ಮಲ್ಲಿ ನನ್ನದೊಂದು ಕೋರಿಕೆ. ಪ್ರಾಯೋಗಿಕ ಪರೀಕ್ಷೆಯ ದಿನಕ್ಕೆಂದು ಕಪಾಟಿನಲ್ಲಿ ಬೀಗ ಹಾಕಿಟ್ಟಿರುವ ಸೂಕ್ಷ್ಮದರ್ಶಕಗಳನ್ನು ದಯವಿಟ್ಟು ಹೊರಗಿಡಿ. ಒಂದು ಚಿಟಿಕೆ ಯೀಸ್ಟ್, ಒಂದು ಗಾಜಿನ ಪಟ್ಟಿ, ಒಂದು ಇಡೀ ಮಧ್ಯಾಹ್ನ ಮಕ್ಕಳಿಗೆ ಕೊಡಿ.