ಸೀರೆ, ಖಣ, ಸರಗಿ: ಬರದ ನಾಡಿನ ಹೆಣ್ಣಿನ ಉಡುಗೆ ತೊಡುಗೆ



ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿ ಎಂದೊಡನೆ ನೆನಪಾಗುವುದು ಎರೆಭೂಮಿ, ಬಿಳಿಜೋಳ, ಬರಗಾಲ. ಬಣ್ಣ ಬಂಗಾರದ ಮಾತು ಯಾರ ಬಾಯಿಗೂ ತಟ್ಟನೆ ಬರುವುದಿಲ್ಲ. ಆದರೆ ಈ ಕಪ್ಪು ನೆಲದಲ್ಲಿ ಕಳೆ ಕೀಳುವ ಹೆಣ್ಣುಮಕ್ಕಳ ಸಾಲನ್ನು ದೂರದಿಂದ ನೋಡಿದವರಿಗೆ ಇಲ್ಲಿನ ಬಣ್ಣದ ಹಂಬಲ ಏನೆಂದು ಹೇಳಿಕೊಡಬೇಕಾಗಿಲ್ಲ.

ಇಲ್ಲಿನ ಉಡುಗೆಯ ಕಥೆ ಶುರುವಾಗುವುದು ಕೃಷ್ಣೆಯ ಆಚೆ ದಡದ ಇಳಕಲ್ಲಿನಿಂದ. ಇಳಕಲ್, ಗುಳೇದಗುಡ್ಡ ಎರಡೂ ಈಗ ಬಾಗಲಕೋಟೆ ಜಿಲ್ಲೆಯ ಊರುಗಳು. 1997ರಲ್ಲಿ ಆ ಜಿಲ್ಲೆ ಬೇರೆಯಾಗುವವರೆಗೆ ಇವೆಲ್ಲ ಒಂದೇ ಬಿಜಾಪುರ ಜಿಲ್ಲೆ. ಜಿಲ್ಲೆ ಒಡೆದರೂ ಸೀರೆಯ ಸಂಬಂಧ ಒಡೆಯಲಿಲ್ಲ.

ಇಳಕಲ್ ಸೀರೆಯ ಮೈ ಹತ್ತಿಯದು, ಸೆರಗು ರೇಷ್ಮೆಯದು. ಎರಡಕ್ಕೂ ಹಾಸು ಬೇರೆ ಬೇರೆ. ಮೈಯ ಒಂದೊಂದು ಎಳೆಯನ್ನೂ ಸೆರಗಿನ ಎಳೆಗೆ ಕುಣಿಕೆ ಹಾಕಿ ಜೋಡಿಸಬೇಕು. ಇದಕ್ಕೆ ಕೊಂಡಿ ಎನ್ನುತ್ತಾರೆ. ಬೇರೆ ಕಡೆ ಒಮ್ಮೆ ಹಾಸು ಹೂಡಿದರೆ ಸಾಲಾಗಿ ಹಲವು ಸೀರೆ ನೇಯಬಹುದು. ಕೊಂಡಿ ಹಾಕಿದ ಹಾಸಿನಲ್ಲಿ ಬರುವುದು ಒಂದೇ ಸೀರೆ. ಮರುದಿನ ಮತ್ತೆ ಮೊದಲಿನಿಂದ. ಈ ಕೆಲಸದ ದೊಡ್ಡ ಪಾಲು ನೇಕಾರರ ಮನೆಯ ಹೆಣ್ಣುಮಕ್ಕಳದು. ಕೆಂಪು ಸೆರಗಿನ ಮೇಲೆ ಬಿಳಿಯಾಗಿ ನಿಲ್ಲುವ ಆಕೃತಿಗಳ ಹೆಸರನ್ನೇ ನೋಡಿ: ಹಣಿಗೆ, ಕೋಟೆ ಕಮ್ಮಲಿ, ತೋಪು ತೆನೆ. ತಲೆ ಬಾಚುವ ಹಣಿಗೆ, ಊರ ಕೋಟೆಯ ತೆನೆಸಾಲು, ಹೊಲದ ಜೋಳದ ತೆನೆ ಎಲ್ಲವೂ ಸೆರಗಿಗೆ ಹತ್ತಿವೆ. ಅಂಚಿನಲ್ಲಿ ಚಿಕ್ಕಿ, ಗೋಮಿ, ಗಾಡಿ ದಡಿ.

ಹಿಂದಿನವರು ಉಡುತ್ತಿದ್ದದ್ದು ಒಂಬತ್ತು ಗಜದ ಸೀರೆ, ಮೊಳದ ಲೆಕ್ಕದಲ್ಲಿ ಹದಿನೆಂಟು. ಕಚ್ಚೆ ಹಾಕಿ ಉಟ್ಟರೆ ಹೊಲಕ್ಕೂ ಸೈ, ಜಾತ್ರೆಗೂ ಸೈ. ಅದರ ಮೇಲೆ ಗುಳೇದಗುಡ್ಡದ ಖಣದ ಕುಬಸ, ಎದೆಯ ಕೆಳಗೆ ಗಂಟು. ಈ ಖಣ ಬರಿಯ ಬಟ್ಟೆಯಾಗಿ ಉಳಿದಿಲ್ಲ. ದೇವಿಗೆ ಉಡಿ ತುಂಬಲು ಖಣ ಬೇಕು, ಮನೆಗೆ ಬಂದ ಮುತ್ತೈದೆಯನ್ನು ಕಳಿಸಲೂ ಖಣ ಬೇಕು. ಬಸುರಿಗೆ ಹಸಿರು ಸೀರೆ ಉಡಿಸಿ, ಹಸಿರು ಬಳೆ ಇಡಿಸಿ ಮಾಡುವ ಶಾಸ್ತ್ರದ ಹೆಸರೇ ‘ಕುಬಸ’.

ಬಣ್ಣಗಳಿಗೂ ಹೀಗೆ ನಿಯಮಗಳಿದ್ದವು. ಮದುಮಗಳಿಗೆ ಗಿರಿ ಕುಂಕುಮ, ಬಸುರಿಗೆ ಹಸಿರು. ಕಸೂತಿ ಹಾಕಿದ ಕಪ್ಪು ಚಂದ್ರಕಾಳಿ ಸೀರೆಗೆ ಹಬ್ಬದ ಮರ್ಯಾದೆ. ಬೇರೆಡೆ ಅಶುಭವೆನ್ನುವ ಕಪ್ಪು ಇಲ್ಲಿ ತವರಿನ ಉಡುಗೊರೆಯಾಗಿದ್ದು ವಿಶೇಷವೇ. ಕಸೂತಿಯ ಗವಂತಿ ಹೊಲಿಗೆಗೆ ಗಂಟಿಲ್ಲ, ಒಳಗೂ ಹೊರಗೂ ಒಂದೇ ರೂಪ. ನೀಲಿಗಿಡದ ಬಣ್ಣಕ್ಕೆ ಎದುರಾಳಿ ಬಂದದ್ದು 1897ರಲ್ಲಿ, ಜರ್ಮನಿಯ ಕಾರ್ಖಾನೆ ಕೃತಕ ನೀಲಿಯನ್ನು ಮಾರುಕಟ್ಟೆಗೆ ಬಿಟ್ಟಾಗ. ಆಮೇಲೆ ರಾಸಾಯನಿಕ ಬಣ್ಣಗಳದ್ದೇ ಕಾರುಬಾರು.

ಇನ್ನು ಒಡವೆ. ಕೊರಳಿಗೆ ಬೋರಮಾಳ, ಸರಗಿ, ಟೀಕಿ, ಪುತಳಿ ಸರ, ಕಿವಿಗೆ ಬೆಂಡೋಲಿ, ಬುಗುಡಿ, ಮೂಗಿಗೆ ನತ್ತು, ಕೈಗೆ ಪಾಟಲಿ, ಬಿಲವಾರ, ತೋಳಿಗೆ ವಂಕಿ, ನಡುವಿಗೆ ಡಾಬು, ಕಾಲಿಗೆ ಬೆಳ್ಳಿಯ ರುಳಿ, ಪಿಲ್ಲಿ. ಇದನ್ನೆಲ್ಲ ಶೋಕಿ ಎನ್ನುವ ಗಂಡಸರಿಗೆ ಬರಗಾಲದ ಲೆಕ್ಕ ಗೊತ್ತಿಲ್ಲ. ಬ್ಯಾಂಕಿಲ್ಲದ ಊರಿನಲ್ಲಿ, ಹೊಲ ಗಂಡಸಿನ ಹೆಸರಿನಲ್ಲಿರುವ ಮನೆಯಲ್ಲಿ, ಹೆಣ್ಣಿನದೆಂದು ಹೇಳಿಕೊಳ್ಳಲು ಇದ್ದ ಗಳಿಕೆ ಇಷ್ಟೇ. ಮಳೆ ಕೈಕೊಟ್ಟರೆ ಮೊದಲು ಕರಗುತ್ತಿದ್ದುದೂ ಇದೇ. 1876-78ರ ಮಹಾಬರದಲ್ಲಿ ಬಿಜಾಪುರ ಸೀಮೆ ಬೆಂದುಹೋಯಿತು. ಆ ವರ್ಷಗಳಲ್ಲಿ ಮುಂಬಯಿಯ ಟಂಕಸಾಲೆಗೆ ಬರಪೀಡಿತ ಪ್ರದೇಶಗಳಿಂದ ಬೆಳ್ಳಿಯ ಆಭರಣಗಳು ರಾಶಿಯಾಗಿ ಬಂದವು. ಒಂದೊಂದು ರುಳಿಯ ಹಿಂದೆ ಒಂದೊಂದು ಮನೆಯ ಹಸಿವು. ಸ್ವಾತಂತ್ರ್ಯ ಬಂದ ಮೇಲೆ ಇನ್ನೊಂದು ಪೆಟ್ಟು: 1963ರ ಚಿನ್ನ ನಿಯಂತ್ರಣ ನಿಯಮ. 14 ಕ್ಯಾರೆಟ್‌ಗಿಂತ ಹೆಚ್ಚು ಶುದ್ಧತೆಯ ಹೊಸ ಒಡವೆ ಮಾಡಕೂಡದೆಂದಾಗ ಅಕ್ಕಸಾಲಿಗರ ಕುಲುಮೆಗಳು ತಣ್ಣಗಾದವು. ಆ ನಿರ್ಬಂಧ ಮುಂದೆ ಸಡಿಲವಾಯಿತು. 1968ರಲ್ಲಿ ಬಂದ ಕಾಯಿದೆ ರದ್ದಾದದ್ದು 1990ರಲ್ಲಿ.

ಈ ನಾಲ್ಕೂ ತಾಲ್ಲೂಕುಗಳ ತಾಂಡಾಗಳನ್ನು ಬಿಟ್ಟು ಈ ಮಾತು ಪೂರ್ತಿಯಾಗದು. ಲಂಬಾಣಿ ಹೆಣ್ಣುಮಕ್ಕಳ ಫೇಟಿಯಾ, ಕಾಂಚಳಿಗಳ ಮೇಲೆ ಕನ್ನಡಿ, ಕವಡೆ, ಹಳೆಯ ನಾಣ್ಯ, ಕೆನ್ನೆಯ ಇಕ್ಕೆಲದಲ್ಲಿ ಕೂದಲಿಗೆ ತೂಗುಬಿದ್ದ ಘೂಗ್ರಿ ಟೋಪ್ಲಿ, ತೋಳತುಂಬ ಬಳಿಯಾ. ಎತ್ತುಗಳ ಮೇಲೆ ಉಪ್ಪು, ಕಾಳು ಹೇರಿಕೊಂಡು ದೇಶ ತಿರುಗಿದ ಜನ ಇವರು. ಆಸ್ತಿಯನ್ನು ಮೈಮೇಲೆಯೇ ಹೊತ್ತು ನಡೆದರು. ಗಂಡ ಸತ್ತರೆ ಘೂಗ್ರಿ ಇಳಿಯುತ್ತಿತ್ತು. ಅತ್ತ ಊರೊಳಗೆ ಬಳೆ ಒಡೆಯುತ್ತಿತ್ತು, ತಾಳಿ ಕಳಚುತ್ತಿತ್ತು. ಹೆಣ್ಣಿನ ಮೈಮೇಲಿನ ಬಣ್ಣಕ್ಕೆ ಗಂಡನ ಆಯುಷ್ಯವೇ ಅಳತೆಗೋಲು. ಈ ಕ್ರೌರ್ಯವನ್ನು ಸಂಪ್ರದಾಯವೆಂದು ಮೃದು ಮಾಡಿ ಹೇಳಬೇಕಾಗಿಲ್ಲ.

ಆದರೆ ಇದೇ ನೆಲದಲ್ಲಿ ಇದಕ್ಕೆ ಉತ್ತರವೂ ಇತ್ತು. ಬಾಗೇವಾಡಿ ಬಸವಣ್ಣನವರ ಜನ್ಮಸ್ಥಳ. 12ನೇ ಶತಮಾನದ ಶರಣರು ಹೆಣ್ಣಿಗೂ ಇಷ್ಟಲಿಂಗ ಕೊಟ್ಟರು. ಅದನ್ನಿಡುವ ಬೆಳ್ಳಿಯ ಕರಡಿಗೆ ಹೆಣ್ಣುಮಗುವಿನ ಕೊರಳಿಗೂ ಬಂತು. ತಾಳಿ ಕಳಚುವ ಕೈ ಇದನ್ನು ಕಳಚುವಂತಿಲ್ಲ. ಮಣ್ಣಿಗೆ ಹೋಗುವಾಗಲೂ ಲಿಂಗ ಜೊತೆಗಿರುತ್ತದೆ. ಹಲವು ಸಮುದಾಯಗಳಲ್ಲಿ ವಿಧವೆಯ ಮರುಮದುವೆಗೂ ದಾರಿಯಿತ್ತು. ಅದರ ಹೆಸರು ‘ಉಡಿಕೆ’, ಅಂದರೆ ಸೀರೆ ಉಡಿಸುವುದು. ಹೊಸ ಸೀರೆಯೊಂದೇ ಅಲ್ಲಿ ಮುಖ್ಯ ಶಾಸ್ತ್ರ. ಲಗ್ನದ ವೈಭವ ಅದಕ್ಕಿರಲಿಲ್ಲ ನಿಜ, ಬಾಳಿಗೆ ಬಣ್ಣವಂತೂ ಮರಳುತ್ತಿತ್ತು.

ಈಗ ಈ ಊರುಗಳಲ್ಲಿ ಕಾಲೇಜಿಗೆ ಹೋಗುವ ಹುಡುಗಿಯರು ಚೂಡಿದಾರ ತೊಡುತ್ತಾರೆ. ಹೊಲದ ಕೆಲಸಕ್ಕೆ ಸಿಂಥೆಟಿಕ್ ಸೀರೆ, ಮೇಲೊಂದು ಗಂಡಸರ ತುಂಬುತೋಳಿನ ಅಂಗಿ. ಅಗ್ಗ, ಬೇಗ ಒಣಗುತ್ತದೆ, ದೂರುವಂಥದ್ದೇನೂ ಇಲ್ಲ. ಇಳಕಲ್ ಹಬ್ಬಕ್ಕೆ, ಮದುವೆಗೆ ಏರಿದೆ. ಹಳ್ಳಿಯ ಖಣ ಪಟ್ಟಣದ ಹುಡುಗಿಯರ ಹೊಸ ಫ್ಯಾಷನ್ ಆಗಿದೆ. ಆದರೆ ಮಗ್ಗದ ಮುಂದೆ ಕೂತವರಿಗೆ ಅದರ ಲಾಭ ಮುಟ್ಟಬೇಕಾದರೆ ಕೊಳ್ಳುವವರಿಗೆ ಅಸಲು ನಕಲಿನ ಗುರುತು ತಿಳಿದಿರಬೇಕು. ವಿದ್ಯುತ್ ಮಗ್ಗದ ನಕಲು ಬಣ್ಣದಲ್ಲಿ, ದಡಿಯಲ್ಲಿ ಥೇಟ್ ಇಳಕಲ್ಲಿನಂತೆಯೇ ಕಾಣುತ್ತದೆ, ಬೆಲೆಯೂ ಕಡಿಮೆ. ಅಂಗಡಿಯಲ್ಲಿ ಸೀರೆ ಬಿಚ್ಚಿಸಿ, ಮೈ ಮುಗಿದು ಸೆರಗು ಶುರುವಾಗುವ ಗೆರೆಯ ಮೇಲೆ ಬೆರಳಾಡಿಸಿ ನೋಡಿ. ಕೊಂಡಿಯ ಸಾಲು ಬೆರಳಿಗೆ ಹತ್ತಿದರೆ ಅದು ಕೈಮಗ್ಗದ್ದು.