ಮನೆಗೆ ಬಂದ ಶಾಲೆ ಮತ್ತು ವಿಶೇಷ ಅಗತ್ಯದ ಮಕ್ಕಳು



ವಿಶೇಷ ಅಗತ್ಯವುಳ್ಳ ಮಕ್ಕಳ ಶಿಕ್ಷಣವೆಂದಾಗ ನಾವು ಸಾಮಾನ್ಯವಾಗಿ ಅಕ್ಷರ, ಅಂಕಿಗಳನ್ನೇ ನೆನೆಯುತ್ತೇವೆ. ಶಾಲೆಯು ಆ ಮಕ್ಕಳ ಮನಸ್ಸಿಗೆ ಏನನ್ನು ನೀಡುತ್ತಿತ್ತೆಂಬುದು ತಿಳಿದದ್ದು ಶಾಲೆಗಳು ಮುಚ್ಚಿದಾಗ. 2020ರ ಮಾರ್ಚ್‌ನಲ್ಲಿ ಕೋವಿಡ್ ನಿಮಿತ್ತ ಅಮೆರಿಕದ ಪಾಠಗಳು ಕಂಪ್ಯೂಟರ್ ಪರದೆಗೆ ಬಂದವು. ಆ ಶಾಲಾ ವರ್ಷದಲ್ಲಿ ಇಲ್ಲಿ ವಿಶೇಷ ಶಿಕ್ಷಣ ಪಡೆಯುತ್ತಿದ್ದವರು ಸುಮಾರು 73 ಲಕ್ಷ ಮಂದಿ; ಎಂದರೆ ಸಾರ್ವಜನಿಕ ಶಾಲೆಗಳ 100 ವಿದ್ಯಾರ್ಥಿಗಳಲ್ಲಿ 14 ಮಂದಿ.

ಆಟಿಸಂ ಇರುವ ಎಷ್ಟೋ ಮಕ್ಕಳಿಗೆ ಹಳದಿ ಬಸ್ಸು, ತನ್ನದೇ ಕುರ್ಚಿ, ಪರಿಚಿತ ಸಹಾಯಕಿಯ ಮುಖ ಇವೇ ದಿನದ ಆಧಾರ. ಇವು ಒಮ್ಮೆಲೇ ಇಲ್ಲವಾದಾಗ ಮಗು ಅತ್ತಿತು, ಕಿರುಚಿತು, ನಿದ್ದೆಗೆಟ್ಟಿತು. ಅದನ್ನು ಹಟವೆಂದು ಬಗೆದವರುಂಟು. ಅದು ಹಟವಲ್ಲ, ಮಾತಿಗೆ ಬಾರದ ಆತಂಕ. ಚಿತ್ತ ಒಂದೆಡೆ ನಿಲ್ಲದ ಬಾಲಕನಿಗೆ ಗಂಟೆಗಟ್ಟಲೆ ಪರದೆಯೆದುರು ಕೂರುವುದು ನಿತ್ಯದ ಸೋಲಾಯಿತು. ತುಟಿಗಳ ಚಲನೆಯಿಂದ ಮಾತು ಗ್ರಹಿಸುವ ಬಾಲಕಿ ಮಸುಕಾದ ಪುಟ್ಟ ಮುಖಗಳ ನಡುವೆ ಒಂಟಿಯಾದಳು. ಆದರೆ ಶಾಲೆಯ ಗದ್ದಲಕ್ಕೂ ಸಹಪಾಠಿಗಳ ಕೀಟಲೆಗೂ ಬೆದರುತ್ತಿದ್ದ ಕೆಲವರು ಮನೆಯಲ್ಲಿ ನೆಮ್ಮದಿ ಕಂಡರೆಂಬುದೂ ನಿಜ. ಆದುದರಿಂದ ಎಲ್ಲರಿಗೂ ಒಂದೇ ಅಳತೆ ಸಲ್ಲದು.

ಈ ತತ್ತ್ವ ಇಲ್ಲಿನ ಕಾನೂನಿನಲ್ಲಿಯೇ ಇದೆ. 1975ರಲ್ಲಿ ಅಂಗೀಕಾರಗೊಂಡು, 1990ರಲ್ಲಿ 'ಐಡಿಇಎ' ಎಂಬ ಹೆಸರು ಪಡೆದ ಕಾಯಿದೆಯಂತೆ, ಇಂಥ ಪ್ರತಿಯೊಂದು ಮಗುವಿಗೂ 'ಐಇಪಿ' ಎಂಬ ಪ್ರತ್ಯೇಕ ಲಿಖಿತ ಯೋಜನೆ ಇರಬೇಕು. ಅದನ್ನು ರೂಪಿಸುವ ತಂಡದಲ್ಲಿ ತಂದೆ-ತಾಯಿಯೂ ಸದಸ್ಯರು. ಪರದೆಯ ಪಾಠದ ಕಾಲದಲ್ಲಿ ಈ ಹೊಣೆಯನ್ನು ಸರಿಯಾಗಿ ನಿರ್ವಹಿಸಲಿಲ್ಲವೆಂದು ಲಾಸ್ ಏಂಜಲೀಸ್ ಮತ್ತು ವರ್ಜೀನಿಯಾದ ಫೇರ್‌ಫ್ಯಾಕ್ಸ್ ಶಾಲಾ ಆಡಳಿತಗಳ ವಿಷಯದಲ್ಲಿ ಕೇಂದ್ರ ಶಿಕ್ಷಣ ಇಲಾಖೆಯು 2022ರಲ್ಲಿ ನಿರ್ಣಯಿಸಿತು. ನಷ್ಟವಾದುದನ್ನು ತುಂಬಿಕೊಡಲು ಅವೆರಡೂ ಒಪ್ಪಿದವು.

ಹಿಮಪಾತದ ದಿನಗಳಲ್ಲಿ ಇಂದಿಗೂ ಕೆಲವು ಶಾಲೆಗಳು ಪರದೆಯ ಪಾಠವನ್ನೇ ನಡೆಸುತ್ತವೆ. ಆ ದಿನ ನಮ್ಮ ಮಗುವಿಗೆ ಯಾರು ನೆರವಾಗುವರು, ಬಿಡುವು ಎಷ್ಟು, ಆಪ್ತಸಲಹೆ ದೊರೆಯುವುದೇ ಎಂಬುದನ್ನು ಮುಂದಿನ ಸಭೆಯಲ್ಲಿ ಕೇಳಿ, ಯೋಜನೆಯಲ್ಲಿ ಬರೆಸಿರಿ. ಓದಿನ ಗುರಿಗಳಂತೆ ಮನಸ್ಸಿನ ಸ್ವಾಸ್ಥ್ಯದ ಗುರಿಗಳನ್ನೂ ಅದರಲ್ಲಿ ಸೇರಿಸಬಹುದು.

ಕೊನೆಯದಾಗಿ ನಮ್ಮ ಕೂಟಕ್ಕೊಂದು ವಿನಂತಿ. 'ನಾಲ್ಕು ಜನ ಏನೆಂದಾರು' ಎಂಬ ಅಂಜಿಕೆಯಿಂದ ಮಗುವನ್ನು ಮನೆಯಲ್ಲೇ ಉಳಿಸಿಕೊಳ್ಳುವ ಕುಟುಂಬಗಳು ನಮ್ಮಲ್ಲಿವೆ. ಶಾಲೆ ತೆರೆದರೂ ಆ ಮಗುವಿನ ಒಂಟಿತನ ಮುಗಿಯದು. ಬರುವ ರಾಜ್ಯೋತ್ಸವಕ್ಕೆ ಅವರನ್ನು ಹೆಸರಿಡಿದು ಆಹ್ವಾನಿಸೋಣ. ಧ್ವನಿವರ್ಧಕವನ್ನು ತುಸು ತಗ್ಗಿಸಿ, ಸದ್ದಿಲ್ಲದ ಕೋಣೆಯೊಂದನ್ನು ಅವರಿಗಾಗಿ ಇರಿಸೋಣ. ಆ ನಾಲ್ಕು ಜನರು ನಾವೇ ಅಲ್ಲವೇ?